ತಾಯ್ನುಡಿಗಾಗಿ ಶಾಲೆ ಕಟ್ಟಿದ ಪ್ಯಾಟ್ರಿಕ್ ಪಿಯರ್ಸ್



ಸಂತ ಪ್ಯಾಟ್ರಿಕರ ನಾಡು ಐರ್ಲೆಂಡಿನ ಹೆಸರನ್ನು ನೀವೆಲ್ಲರೂ ಕೇಳಿದ್ದೀರಿ. ಐದನೆಯ ಶತಮಾನದಲ್ಲಿ ಶುಭಸಂದೇಶವನ್ನು ಬರಮಾಡಿಕೊಂಡ ಆ ಪುಟ್ಟ ದ್ವೀಪ ಮುಂದೆ ಲೋಕದ ಮೂಲೆಮೂಲೆಗೆ ಗುರುಗಳನ್ನೂ ಕನ್ಯಾಸ್ತ್ರೀಯರನ್ನೂ ಕಳುಹಿಸಿಕೊಟ್ಟಿತು. ನಮ್ಮ ದೇಶದ ಎಷ್ಟೋ ಶಾಲೆಗಳಲ್ಲಿ ಐರಿಷ್ ಕನ್ಯಾಸ್ತ್ರೀಯರೂ ಬ್ರದರುಗಳೂ ಪಾಠ ಹೇಳಿದ್ದಾರೆ. ಅವರು ಇಲ್ಲಿ ಕಲಿಸಿದ್ದು ಇಂಗ್ಲಿಷ್. ಆದರೆ ಅವರ ಪೂರ್ವಿಕರ ಭಾಷೆ ಇಂಗ್ಲಿಷ್ ಆಗಿರಲಿಲ್ಲ. ಅದು ಐರಿಷ್ ಎಂಬ ಬೇರೆಯೇ ಭಾಷೆ. ಸಂತ ಪ್ಯಾಟ್ರಿಕರ ಕಾಲದ ಜನರು ಆಡುತ್ತಿದ್ದದ್ದು, ಸಂತ ಬ್ರಿಜಿಡರೂ ಸಂತ ಕೊಲಂಬರೂ ಪ್ರಾರ್ಥಿಸಿದ್ದು ಆ ಭಾಷೆಯ ಹಳೆಯ ರೂಪದಲ್ಲಿ. ಆ ಭಾಷೆಗೆ ಏನಾಯಿತು, ಅದನ್ನು ಮಕ್ಕಳಿಗೆ ಹಿಂದಿರುಗಿಸಲು ಒಬ್ಬ ಶಾಲಾ ಮೇಷ್ಟ್ರು ಏನು ಮಾಡಿದರು ಎಂಬುದನ್ನು ಈ ವಾರ ನಿಮಗೆ ಹೇಳುತ್ತೇನೆ.

ಕೊರಳಿನ ಕೋಲು

ಹತ್ತೊಂಬತ್ತನೆಯ ಶತಮಾನದ ಐರ್ಲೆಂಡಿನ ಹಳ್ಳಿಗಳಲ್ಲಿ ಮಕ್ಕಳ ಕೊರಳಿಗೆ ದಾರ ಕಟ್ಟಿ ಒಂದು ಕೋಲಿನ ತುಂಡನ್ನು ನೇತುಹಾಕುವ ಪದ್ಧತಿಯಿತ್ತು. ಮಗು ಐರಿಷಿನಲ್ಲಿ ಮಾತನಾಡಿದಾಗಲೆಲ್ಲ ಆ ಕೋಲಿನ ಮೇಲೆ ಒಂದು ಗೀರು. ಸಂಜೆ ಗೀರುಗಳನ್ನು ಎಣಿಸಿ ಶಿಕ್ಷೆ. ಶಾಲೆಯ ಮೇಷ್ಟ್ರು ಮಾತ್ರ ಈ ಕೆಲಸ ಮಾಡುತ್ತಿದ್ದರೆಂದು ತಿಳಿಯಬೇಡಿ. ಎಷ್ಟೋ ಮನೆಗಳಲ್ಲಿ ತಂದೆತಾಯಿಯರೇ ಗೀರು ಹಾಕಿ ಮಗುವನ್ನು ಶಾಲೆಗೆ ಕಳುಹಿಸುತ್ತಿದ್ದರು.

ಆ ತಂದೆತಾಯಿಯರು ಮಕ್ಕಳ ವೈರಿಗಳಾಗಿರಲಿಲ್ಲ. 1831ರಲ್ಲಿ ಬ್ರಿಟಿಷ್ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಶಾಲೆಗಳಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತಿತ್ತು. ಕೋರ್ಟು, ಕಚೇರಿ, ಸಂತೆ, ನೌಕರಿ ಎಲ್ಲವೂ ಇಂಗ್ಲಿಷಿನಲ್ಲೇ. 1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಮಹಾಕ್ಷಾಮ ಬಂದಿತು. ಸುಮಾರು ಹತ್ತು ಲಕ್ಷ ಜನರು ಹಸಿವಿನಿಂದಲೂ ರೋಗದಿಂದಲೂ ಸತ್ತರು. ಹತ್ತು ಲಕ್ಷಕ್ಕೂ ಮೀರಿ ಜನರು ಹಡಗು ಹತ್ತಿ ಅಮೆರಿಕ, ಇಂಗ್ಲೆಂಡುಗಳಿಗೆ ಹೋದರು. ಹೆಚ್ಚಾಗಿ ಸತ್ತವರೂ ವಲಸೆ ಹೋದವರೂ ಐರಿಷ್ ಆಡುತ್ತಿದ್ದ ಬಡವರೇ. ಉಳಿದವರಿಗೆ ತಮ್ಮ ಮಗು ಹಸಿವಿನಿಂದ ಸಾಯಬಾರದೆಂದರೆ ಇಂಗ್ಲಿಷ್ ಕಲಿಯಲೇಬೇಕು ಎನಿಸಿತು. ಪ್ರೀತಿಯಿಂದಲೇ ಅವರು ತಮ್ಮ ಭಾಷೆಯನ್ನು ಮಗುವಿನ ಬಾಯಿಂದ ಕಿತ್ತುಕೊಂಡರು. 1851ರ ಜನಗಣತಿಯಲ್ಲಿ ಸುಮಾರು 15 ಲಕ್ಷವಿದ್ದ ಐರಿಷ್ ಮಾತುಗಾರರ ಸಂಖ್ಯೆ 1891ರ ಹೊತ್ತಿಗೆ ಏಳು ಲಕ್ಷಕ್ಕೂ ಕೆಳಗಿಳಿಯಿತು.

ಧರ್ಮಸಭೆ ಏನು ಮಾಡುತ್ತಿತ್ತು ಎಂದು ನೀವು ಕೇಳಬಹುದು. ಟ್ಯೂಮ್‌ನ ಮಹಾಧರ್ಮಾಧ್ಯಕ್ಷರಾಗಿದ್ದ ಜಾನ್ ಮ್ಯಾಕ್‌ಹೇಲ್ ಅವರು ಈ ಶಾಲೆಗಳನ್ನು ವಿರೋಧಿಸಿ, ಧರ್ಮೋಪದೇಶದ ಪುಸ್ತಕವನ್ನೂ ಹಳೆಯ ಒಡಂಬಡಿಕೆಯ ಭಾಗಗಳನ್ನೂ ಐರಿಷಿಗೆ ತಂದರು. ಆದರೆ ಅವರಂಥವರು ವಿರಳ. ಕಥೋಲಿಕರಿಗೆ ಹಕ್ಕುಗಳನ್ನು ಗಳಿಸಿಕೊಟ್ಟ ಮಹಾನಾಯಕ ಡೇನಿಯಲ್ ಓ'ಕಾನೆಲ್ ಅವರ ಮನೆಮಾತೇ ಐರಿಷ್ ಆಗಿದ್ದರೂ, ಅದು ಮರೆಯಾದರೆ ಅವರಿಗೆ ಚಿಂತೆಯಿರಲಿಲ್ಲ. ಅನೇಕ ಗುರುಗಳೂ ಕಾಲದ ಪ್ರವಾಹದೊಂದಿಗೇ ಹೋದರು. ಈ ಸತ್ಯವನ್ನು ನಾವು ಮುಚ್ಚಿಡಬೇಕಾಗಿಲ್ಲ.

ಕಲ್ಲುಕುಟಿಗನ ಮಗ

ಇಂಥ ನಾಡಿನಲ್ಲಿ, ಡಬ್ಲಿನ್ ನಗರದಲ್ಲಿ, 1879ರ ನವೆಂಬರ್ 10ರಂದು ಪ್ಯಾಟ್ರಿಕ್ ಪಿಯರ್ಸ್ ಹುಟ್ಟಿದರು. ತಂದೆ ಜೇಮ್ಸ್ ಇಂಗ್ಲೆಂಡಿನವರು. ಕಲ್ಲಿನ ಕೆಲಸದ ಶಿಲ್ಪಿ. ಐರ್ಲೆಂಡಿನಲ್ಲಿ ಹೊಸ ಚರ್ಚುಗಳು ಏಳುತ್ತಿದ್ದ ಕಾಲವದು. ಅವುಗಳಿಗೆ ಬಲಿಪೀಠಗಳನ್ನೂ ಸ್ವರೂಪಗಳನ್ನೂ ಕೆತ್ತಲು ಬಂದು ಅಲ್ಲೇ ನೆಲೆಸಿದರು, ಕಥೋಲಿಕರೂ ಆದರು. ತಾಯಿ ಮಾರ್ಗರೆಟ್ ಬ್ರೇಡಿಯವರ ಹಿರಿಯರು ಮೀತ್ ಜಿಲ್ಲೆಯ ಐರಿಷ್ ಮಾತಿನ ಜನ. ಮನೆಯ ಮಾತು ಇಂಗ್ಲಿಷ್ ಆಗಿದ್ದರೂ ತಾಯಿಯ ಕಡೆಯ ವೃದ್ಧೆಯೊಬ್ಬರು ಬಂದಾಗಲೆಲ್ಲ ಹಳೆಯ ಕಥೆಗಳನ್ನೂ ಹಾಡುಗಳನ್ನೂ ಮಕ್ಕಳಿಗೆ ಹೇಳುತ್ತಿದ್ದರು. ಅವರ ಬಾಯಿಂದ ಬಿದ್ದ ಐರಿಷ್ ಮಾತುಗಳು ಈ ಹುಡುಗನ ಮನಸ್ಸಿನಲ್ಲಿ ಬೇರೂರಿದವು. ನೋಡಿ, ಒಬ್ಬ ಅಜ್ಜಿಯ ಕಥೆ ಎಲ್ಲಿಯವರೆಗೆ ಹೋಗಿ ಮುಟ್ಟುತ್ತದೆ!

ವೆಸ್ಟ್‌ಲ್ಯಾಂಡ್ ರೋ ಎಂಬಲ್ಲಿದ್ದ ಕ್ರಿಶ್ಚಿಯನ್ ಬ್ರದರುಗಳ ಶಾಲೆಯಲ್ಲಿ ಪ್ಯಾಟ್ರಿಕ್ ಐರಿಷನ್ನು ಒಂದು ವಿಷಯವಾಗಿ ಕಲಿತರು. 1893ರಲ್ಲಿ ಗೇಲಿಕ್ ಲೀಗ್ ಎಂಬ ಸಂಘ ಸ್ಥಾಪನೆಯಾಗಿತ್ತು. ಅದರ ಅಧ್ಯಕ್ಷರಾದ ಡಗ್ಲಸ್ ಹೈಡ್ ಪ್ರೊಟೆಸ್ಟೆಂಟ್ ಪಾದ್ರಿಯೊಬ್ಬರ ಮಗ. ಜೊತೆಗಿದ್ದ ಓಯಿನ್ ಮ್ಯಾಕ್‌ನೀಲ್ ಕಥೋಲಿಕರು. ಮೇನೂತ್ ಸೆಮಿನರಿಯಲ್ಲಿ ಐರಿಷ್ ಕಲಿಸುತ್ತಿದ್ದ ಫಾದರ್ ಯೂಜಿನ್ ಓ'ಗ್ರೌನಿಯವರು ಬರೆದ ಸರಳ ಪಾಠಗಳ ಪುಸ್ತಕವೇ ಸಂಘದ ಮೊದಲ ಪಠ್ಯ. ಕೂಲಿಕಾರರು, ಗುಮಾಸ್ತರು, ಅಂಗಡಿಯ ಹುಡುಗಿಯರು ಸಂಜೆಯ ತರಗತಿಗಳಿಗೆ ಬಂದು ತಮ್ಮ ಅಜ್ಜಂದಿರ ಭಾಷೆಯನ್ನು ಅಕ್ಷರದಿಂದ ಕಲಿಯತೊಡಗಿದರು. 1896ರಲ್ಲಿ, ಇನ್ನೂ ಹದಿನೇಳು ತುಂಬದ ಪಿಯರ್ಸ್ ಈ ಸಂಘವನ್ನು ಸೇರಿದರು. 1898ರಲ್ಲಿ ಆರನ್ ದ್ವೀಪಗಳಿಗೆ ಹೋಗಿ, ಬೆಸ್ತರ ಮನೆಗಳಲ್ಲಿ ಆ ಭಾಷೆ ಇನ್ನೂ ಜೀವಂತವಾಗಿರುವುದನ್ನು ಕಿವಿಯಾರೆ ಕೇಳಿದರು. ಪುಸ್ತಕದ ಭಾಷೆ ಅವರಿಗೆ ಬದುಕಿನ ಭಾಷೆಯಾದದ್ದು ಅಲ್ಲಿ.

1901ರಲ್ಲಿ ಅವರು ಬಿ.ಎ. ಪದವಿ ಪಡೆದು ವಕೀಲರೂ ಆದರು. ಆದರೆ ವಕೀಲಿ ವೃತ್ತಿ ಅವರಿಗೆ ಹಿಡಿಸಲಿಲ್ಲ. ಅವರು ಕೋರ್ಟಿನಲ್ಲಿ ನಿಂತದ್ದರಲ್ಲಿ ಜನ ಇಂದಿಗೂ ನೆನೆಯುವುದು ಒಂದು ಕತ್ತೆಗಾಡಿಯ ಮೊಕದ್ದಮೆಯನ್ನು. ಗಾಡಿಯ ಮೇಲೆ ಯಜಮಾನನ ಹೆಸರು ಓದುವಂತಿರಬೇಕು ಎಂಬ ಕಾನೂನಿತ್ತು. ಡೊನಿಗಾಲ್ ಜಿಲ್ಲೆಯ ಒಬ್ಬಾತ ತನ್ನ ಹೆಸರನ್ನು ಐರಿಷಿನಲ್ಲಿ ಬರೆಸಿದ್ದ. ಅದು ಓದಲಾಗದ ಬರಹವೆಂದು ಅವನ ಮೇಲೆ ದೂರು. 1905ರಲ್ಲಿ ಪಿಯರ್ಸ್ ಅವನ ಪರವಾಗಿ ವಾದಿಸಿ ಸೋತರು. ತನ್ನ ನೆಲದಲ್ಲಿ, ತನ್ನ ಗಾಡಿಯ ಮೇಲೆ, ತನ್ನ ಹೆಸರನ್ನು ತನ್ನ ಭಾಷೆಯಲ್ಲಿ ಬರೆಯುವುದೇ ಅಪರಾಧವೆನಿಸಿದರೆ ಮನುಷ್ಯನಿಗೆ ಏನೆನಿಸಬೇಡ?

ಅದಕ್ಕೂ ಮೊದಲೇ, 1903ರಲ್ಲಿ, ಅವರು ಗೇಲಿಕ್ ಲೀಗಿನ ವಾರಪತ್ರಿಕೆಯ ಸಂಪಾದಕರಾಗಿದ್ದರು. ಭಾಷೆಯ ಅಳಿವು ಉಳಿವು ಶಾಲೆಯಲ್ಲಿ ತೀರ್ಮಾನವಾಗುತ್ತದೆ ಎಂದು ವಾರವಾರವೂ ಬರೆದರು. ಬರೆದು ಸುಮ್ಮನಾಗಲಿಲ್ಲ. 1905ರಲ್ಲಿ ಬೆಲ್ಜಿಯಂ ದೇಶಕ್ಕೆ ಹೋಗಿ ಶಾಲೆಯಿಂದ ಶಾಲೆಗೆ ಸುತ್ತಿದರು. ಅಲ್ಲಿ ಫ್ಲೆಮಿಷ್ ಮತ್ತು ಫ್ರೆಂಚ್ ಎರಡೂ ಭಾಷೆಗಳಿವೆ. ಮಗುವಿಗೆ ಮೊದಲು ಮನೆಮಾತಿನಲ್ಲಿ ಪಾಠ, ಆಮೇಲೆ ಎರಡನೆಯ ಭಾಷೆ. ಆ ಎರಡನೆಯ ಭಾಷೆಯನ್ನೂ ವ್ಯಾಕರಣದ ಉರುಹೊಡೆತದಿಂದ ಕಲಿಸದೆ, ವಸ್ತುವನ್ನು ತೋರಿಸಿ, ಚಿತ್ರ ತೋರಿಸಿ, ಮಾತಾಡಿಸಿ ಕಲಿಸುತ್ತಿದ್ದರು. ಎರಡು ಭಾಷೆ ಕಲಿತ ಮಗುವಿನ ಬುದ್ಧಿ ಮಂಕಾಗದೆ ಚುರುಕಾಗುತ್ತದೆ ಎಂಬುದು ಅವರಿಗೆ ಮನದಟ್ಟಾಯಿತು. ಊರಿಗೆ ಬಂದು ಚಿತ್ರಗಳ ಸಮೇತ ಇಂಥ ಪಾಠಗಳನ್ನು ಪತ್ರಿಕೆಯಲ್ಲಿ ಪ್ರಕಟಿಸಿದರು.

ಸಂತ ಏಂಡಾರ ಶಾಲೆ

1908ರ ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನನೋತ್ಸವದ ದಿನ, ಡಬ್ಲಿನ್‌ನ ರಾನೆಲಾ ಬಡಾವಣೆಯ ಒಂದು ಹಳೆಯ ಬಂಗಲೆಯಲ್ಲಿ ಪಿಯರ್ಸ್ ತಮ್ಮದೇ ಶಾಲೆಯನ್ನು ತೆರೆದರು. ಆರನ್ ದ್ವೀಪದಲ್ಲಿ ಮಠ ಕಟ್ಟಿ ಅನೇಕ ಸಂತರಿಗೆ ಗುರುವಾಗಿದ್ದ ಸಂತ ಏಂಡಾರ ಹೆಸರನ್ನು ಅದಕ್ಕಿಟ್ಟರು. ಮೊದಲು ಬಂದವರು ಸುಮಾರು 40 ಹುಡುಗರು. ಕವಿ ಥಾಮಸ್ ಮ್ಯಾಕ್‌ಡೊನಾ ಸಹಾಯಕ ಮುಖ್ಯೋಪಾಧ್ಯಾಯರು. ತಮ್ಮ ವಿಲ್ಲಿ ಚಿತ್ರಕಲೆ ಕಲಿಸಿದರು. ತಾಯಿ ಹುಡುಗರ ಊಟ ಉಪಚಾರ ನೋಡಿಕೊಂಡರು. ಅಕ್ಕ ಮಾರ್ಗರೆಟ್ ಕೂಡ ಕೈಜೋಡಿಸಿದರು. ಇಡೀ ಕುಟುಂಬವೇ ಶಾಲೆಯಾಯಿತು ಎನ್ನಿ.

ಆ ಶಾಲೆಯಲ್ಲಿ ಐರಿಷ್ ಗಂಟೆ ಹೊಡೆದಾಗ ಬಂದು ಗಂಟೆ ಹೊಡೆದಾಗ ಹೋಗುವ ವಿಷಯವಾಗಿರಲಿಲ್ಲ. ಊಟದಲ್ಲಿ, ಆಟದಲ್ಲಿ, ಪ್ರಾರ್ಥನೆಯಲ್ಲಿ, ತೋಟದ ಕೆಲಸದಲ್ಲಿ ಅದೇ ಮಾತು. ಪಾಠಗಳು ಐರಿಷ್ ಮತ್ತು ಇಂಗ್ಲಿಷ್ ಎರಡರಲ್ಲೂ ನಡೆಯುತ್ತಿದ್ದವು. ಇಂಗ್ಲಿಷನ್ನು ಅವರು ದ್ವೇಷಿಸಲಿಲ್ಲ. ಹುಡುಗರು ತಮ್ಮ ನಾಯಕನನ್ನು ತಾವೇ ಆರಿಸುತ್ತಿದ್ದರು. ಆ ಕಾಲದ ಶಾಲೆಗಳಲ್ಲಿ ಬೆತ್ತವೇ ರಾಜನಾಗಿದ್ದರೆ, ಇಲ್ಲಿ ಹುಡುಗನ ಮಾತನ್ನು ನಂಬುವುದೇ ಶಿಸ್ತು. 1911ರ ಪವಿತ್ರ ವಾರಕ್ಕೆ ಮುನ್ನ ಈ ಮಕ್ಕಳು ಪ್ರಭು ಯೇಸುವಿನ ಪಾಡುಗಳನ್ನು ಐರಿಷ್ ನಾಟಕವಾಗಿ ಡಬ್ಲಿನ್‌ನ ಅಬ್ಬೆ ರಂಗಮಂದಿರದಲ್ಲಿ ಆಡಿದರು. ಲತೀನ್ ಭಾಷೆಯಲ್ಲಿ ಬಲಿಪೂಜೆ, ಇಂಗ್ಲಿಷಿನಲ್ಲಿ ಪ್ರಬೋಧನೆ ಕೇಳಿ ರೂಢಿಯಾಗಿದ್ದ ನಗರದ ಜನರಿಗೆ ಪಾಡುಗಳ ಕಥೆ ತಮ್ಮ ಪೂರ್ವಿಕರ ನುಡಿಯಲ್ಲಿ ಕೇಳಿಸಿತು. ಮಾತೃಭಾಷೆಯ ಬಲಿಪೂಜೆಗೆ ದ್ವಿತೀಯ ವ್ಯಾಟಿಕನ್ ಮಹಾಸಭೆ ಬಾಗಿಲು ತೆರೆದದ್ದು 1963ರಲ್ಲಿ ಎಂಬುದನ್ನು ನೆನೆಯಿರಿ.

ನಮ್ಮ ದೇಶಕ್ಕೂ ಈ ಶಾಲೆಗೂ ಒಂದು ನಂಟಿದೆ. 1913ರ ಮೇ ತಿಂಗಳಲ್ಲಿ, ಸಂತ ಏಂಡಾರ ಶಾಲೆಯ ಸಹಾಯಾರ್ಥವಾಗಿ, ಅದೇ ಅಬ್ಬೆ ರಂಗಮಂದಿರದಲ್ಲಿ ರವೀಂದ್ರನಾಥ ಠಾಕೂರರ ಅಂಚೆಮನೆ ನಾಟಕವನ್ನು ಪ್ರದರ್ಶಿಸಿದರು; ಜೊತೆಗೆ ಪಿಯರ್ಸ್ ಬರೆದ ಐರಿಷ್ ನಾಟಕವನ್ನು ಶಾಲೆಯ ಹುಡುಗರು ಆಡಿದರು. ಶಾಂತಿನಿಕೇತನದಲ್ಲಿ ಮರದ ನೆರಳಲ್ಲಿ ಮಕ್ಕಳನ್ನು ಕೂರಿಸಿ ಮಾತೃಭಾಷೆಯಲ್ಲಿ ಕಲಿಸುತ್ತಿದ್ದ ಕವಿಯೂ, ಡಬ್ಲಿನ್‌ನಲ್ಲಿ ಅಂಥದ್ದನ್ನೇ ಮಾಡುತ್ತಿದ್ದ ಮೇಷ್ಟ್ರೂ ಹೀಗೆ ಒಂದೇ ವೇದಿಕೆಯಲ್ಲಿ ಸೇರಿದರು.

ಪಿಯರ್ಸ್ ಅವರ ಶಿಕ್ಷಣ ವಿಚಾರ ಬಹಳ ಸರಳ. 1878ರ ಕಾಯಿದೆಯ ನಂತರ ಐರ್ಲೆಂಡಿನ ಪ್ರೌಢಶಾಲೆಗಳಿಗೆ ಪರೀಕ್ಷೆಯ ಫಲಿತಾಂಶ ನೋಡಿ ಹಣ ಸಿಗುತ್ತಿತ್ತು. ಹಾಗಾಗಿ ಶಾಲೆಗಳು ಮಕ್ಕಳಿಗೆ ಉತ್ತರಗಳನ್ನು ತುರುಕಿ ಕಳುಹಿಸುವ ಕಾರ್ಖಾನೆಗಳಾಗಿದ್ದವು. ಅದನ್ನು ಅವರು ಕೊಲೆ ಮಾಡುವ ಯಂತ್ರಕ್ಕೆ ಹೋಲಿಸಿ ಪುಸ್ತಿಕೆಯನ್ನೇ ಬರೆದರು. ಹಳೆಯ ಐರ್ಲೆಂಡಿನಲ್ಲಿ ಮಗುವನ್ನು ಇನ್ನೊಂದು ಮನೆಯಲ್ಲಿ ಸಾಕಲು ಬಿಡುವ ವಾಡಿಕೆಯಿತ್ತು; ಸಾಕುತಂದೆಯೇ ಗುರು. ಗುರುವೆಂದರೆ ಸಾಕುವವನು, ತುಂಬುವವನಲ್ಲ ಎಂಬುದೇ ಅವರ ತಿಳುವಳಿಕೆ. ದೇವರ ಕೃಪೆ ಮನುಷ್ಯ ಸ್ವಭಾವವನ್ನು ಅಳಿಸದೆ ಅದನ್ನು ಪೂರ್ಣಗೊಳಿಸುತ್ತದೆ ಎಂದು ಸಂತ ತೋಮಸ್ ಅಕ್ವಿನಾಸರು ಕಲಿಸಿದ್ದಾರೆ. ಒಳ್ಳೆಯ ಶಿಕ್ಷಣವೂ ಹಾಗೆಯೇ. ಮಗು ಮನೆಯಿಂದ ತಂದದ್ದನ್ನು, ಅದರ ಮಾತನ್ನು, ಅದರ ಕಥೆಗಳನ್ನು ಕಸವೆಂದು ಗುಡಿಸಿಹಾಕದೆ ಅದರ ಮೇಲೆಯೇ ಕಟ್ಟುತ್ತದೆ.

ಧರ್ಮಾಧ್ಯಕ್ಷರೊಂದಿಗೆ ಭಿನ್ನಾಭಿಪ್ರಾಯ

ಇದೇ ವರ್ಷಗಳಲ್ಲಿ ಒಂದು ಕಹಿ ವಿವಾದವೂ ನಡೆಯಿತು. 1908ರಲ್ಲಿ ಹೊಸ ರಾಷ್ಟ್ರೀಯ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ, ಪ್ರವೇಶ ಪರೀಕ್ಷೆಯಲ್ಲಿ ಐರಿಷ್ ಕಡ್ಡಾಯವಾಗಬೇಕೆಂದು ಗೇಲಿಕ್ ಲೀಗ್ ಒತ್ತಾಯಿಸಿತು. ಧರ್ಮಾಧ್ಯಕ್ಷರು ಭಾಷೆಯನ್ನು ಪ್ರೋತ್ಸಾಹಿಸಬೇಕು, ಕಡ್ಡಾಯ ಬೇಡ ಎಂದರು. ಕಡ್ಡಾಯ ಮಾಡಿದರೆ ಕಥೋಲಿಕ ವಿದ್ಯಾರ್ಥಿಗಳು ಬೇರೆ ಕಡೆ ಹೋದಾರು ಎಂಬ ಭಯ. ಮೇನೂತ್ ಸೆಮಿನರಿಯ ಐರಿಷ್ ಪ್ರಾಧ್ಯಾಪಕರಾದ ಫಾದರ್ ಓ'ಹಿಕಿಯವರು ಕಟುವಾದ ಮಾತುಗಳಲ್ಲಿ ಇದನ್ನು ವಿರೋಧಿಸಿದ್ದಕ್ಕೆ 1909ರಲ್ಲಿ ಹುದ್ದೆ ಕಳೆದುಕೊಂಡರು. ಪಿಯರ್ಸ್ ಕಡ್ಡಾಯದ ಪರವಾಗಿದ್ದರು, ಆದರೂ ಧರ್ಮಸಭೆಯ ವಿಧೇಯ ಮಗನಾಗಿಯೇ ಉಳಿದರು. 1910ರಲ್ಲಿ ವಿಶ್ವವಿದ್ಯಾಲಯವೇ ಭಾಷೆಯ ಪರ ತೀರ್ಮಾನಿಸಿತು. 1913ರಿಂದ ಅದು ಜಾರಿಗೆ ಬಂದಿತು. ಒಂದೇ ವಿಶ್ವಾಸದ ಜನರು ಒಂದು ಲೌಕಿಕ ವಿಷಯದಲ್ಲಿ ಬೇರೆಬೇರೆ ಅಭಿಪ್ರಾಯ ಹೊಂದಬಹುದು. ಆಗಲೂ ಪ್ರೀತಿ ಕೆಡದಂತೆ ನೋಡಿಕೊಳ್ಳುವುದೇ ಕಷ್ಟ.

ಪಾಠಶಾಲೆಯಿಂದ ಬಂದೂಕಿಗೆ

1910ರಲ್ಲಿ ಪಿಯರ್ಸ್ ಶಾಲೆಯನ್ನು ಊರ ಹೊರಗಿನ ರಾತ್‌ಫಾರ್ನಮ್‌ನ ದೊಡ್ಡ ತೋಟದ ಮನೆಗೆ ಸಾಗಿಸಿದರು. ಹಳೆಯ ಕಟ್ಟಡದಲ್ಲಿ ಸಂತ ಈಟಾರ ಹೆಸರಿನಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಆಸೆ ದೊಡ್ಡದು, ಕೈ ಸಣ್ಣದು. ದೂರವಾದ್ದರಿಂದ ದಿನವೂ ಬಂದು ಹೋಗುತ್ತಿದ್ದ ಹುಡುಗರು ಕಡಿಮೆಯಾದರು, ಸಾಲ ಬೆಳೆಯಿತು. ಹೆಣ್ಣುಮಕ್ಕಳ ಶಾಲೆ 1912ರಲ್ಲಿ ಮುಚ್ಚಿತು. 1914ರಲ್ಲಿ ಅಮೆರಿಕಕ್ಕೆ ಹೋಗಿ, ಅಲ್ಲಿದ್ದ ಐರಿಷ್ ಜನರ ಮುಂದೆ ಕೈಚಾಚಿ ಶಾಲೆಯನ್ನು ಉಳಿಸಿಕೊಂಡರು.

ಅಷ್ಟರಲ್ಲಿ ಅವರ ಮನಸ್ಸು ಬೇರೆ ದಾರಿ ಹಿಡಿದಿತ್ತು. ದೇಶ ಸ್ವತಂತ್ರವಾಗದೆ ಶಿಕ್ಷಣ ಸ್ವತಂತ್ರವಾಗದು ಎಂದು ಅವರಿಗೆ ತೋರಿತು. ಸ್ವಯಂ ಆಡಳಿತದ ಮಸೂದೆ 1914ರಲ್ಲಿ ಕಾನೂನಾದರೂ ಯುದ್ಧದ ಕಾರಣ ಹೇಳಿ ಅದನ್ನು ಮುಂದೂಡಿದರು. ಗುಪ್ತ ಸಂಘವೊಂದರ ಸದಸ್ಯರಾಗಿದ್ದ ಪಿಯರ್ಸ್ 1916ರ ಏಪ್ರಿಲ್ 24, ಪಾಸ್ಕ ಹಬ್ಬದ ಮರುದಿನ ಸೋಮವಾರ, ಡಬ್ಲಿನ್‌ನ ಪ್ರಧಾನ ಅಂಚೆ ಕಚೇರಿಯ ಮುಂದೆ ನಿಂತು ಗಣರಾಜ್ಯದ ಘೋಷಣೆಯನ್ನು ಓದಿದರು. ಅವರ ಹಳೆಯ ವಿದ್ಯಾರ್ಥಿಗಳೂ ಕೆಲವರು ಜೊತೆಗಿದ್ದರು. ಆರು ದಿನ ಹೋರಾಟ ನಡೆಯಿತು. 450ಕ್ಕೂ ಹೆಚ್ಚು ಜನರು ಸತ್ತರು. ಅವರಲ್ಲಿ ಅರ್ಧಕ್ಕೂ ಮಿಕ್ಕಿದವರು ಸಾಮಾನ್ಯ ನಾಗರಿಕರು, ಅವರಲ್ಲಿ ಮಕ್ಕಳೂ ಇದ್ದರು. ಊರ ಜನರ ಸಾವನ್ನು ಇನ್ನು ತಡೆಯಬೇಕೆಂದು 29ರಂದು ಪಿಯರ್ಸ್ ಶರಣಾದರು.

ಮೇ 3ರ ಬೆಳಗಿನ ಜಾವ ಕಿಲ್ಮೇನಮ್ ಸೆರೆಮನೆಯಲ್ಲಿ ಅವರನ್ನೂ ಮ್ಯಾಕ್‌ಡೊನಾ ಅವರನ್ನೂ ಗುಂಡಿಕ್ಕಿ ಕೊಂದರು. ಹಿಂದಿನ ರಾತ್ರಿ ಕಪುಚಿನ್ ಸಭೆಯ ಫಾದರ್ ಅಲೋಶಿಯಸ್ ಅವರು ಬಂದು ಪಾಪನಿವೇದನೆ ಕೇಳಿ ಪರಮಪ್ರಸಾದ ನೀಡಿದ್ದರು. ತಾಯಿಗೆ ಮಗನ ಮುಖ ನೋಡಲು ಆಗಲಿಲ್ಲ. ಅವರ ಕೈಗೆ ಸಿಕ್ಕಿದ್ದು ಒಂದು ಪತ್ರ. ಮರುದಿನ ಕಿರಿಯ ಮಗ ವಿಲ್ಲಿಯನ್ನೂ ಕೊಂದರು.

ನಾನು ಪಿಯರ್ಸ್ ಅವರನ್ನು ಸಂತರೆಂದು ನಿಮ್ಮ ಮುಂದೆ ನಿಲ್ಲಿಸುತ್ತಿಲ್ಲ. ಆಯುಧ ಹಿಡಿಯಲು ಧರ್ಮಸಭೆಯ ಬೋಧನೆ ಕಠಿಣವಾದ ಷರತ್ತುಗಳನ್ನು ಇಟ್ಟಿದೆ. ಬೇರೆಲ್ಲ ದಾರಿಗಳೂ ಮುಚ್ಚಿದ್ದವೇ, ಗೆಲುವಿನ ಭರವಸೆಯಿತ್ತೇ, ನಿರಪರಾಧಿಗಳ ರಕ್ತಕ್ಕೆ ಯಾರು ಹೊಣೆ? ಈ ಪ್ರಶ್ನೆಗಳನ್ನು ಐರ್ಲೆಂಡಿನ ಕಥೋಲಿಕರು ಇಂದಿಗೂ ಕೇಳಿಕೊಳ್ಳುತ್ತಾರೆ, ಕೇಳಿಕೊಳ್ಳಲೇಬೇಕು. ರಕ್ತತ್ಯಾಗದ ಬಗ್ಗೆ ಅವರು ಬರೆದ ಕೆಲವು ಮಾತುಗಳು ನಮ್ಮನ್ನು ನಡುಗಿಸುತ್ತವೆ. ಆದರೆ ಅವರ ಕೊನೆಯ ಆರು ದಿನಗಳು ಅವರ ಮೊದಲಿನ ಇಪ್ಪತ್ತು ವರ್ಷಗಳನ್ನು ನುಂಗಿಹಾಕಬಾರದು.

ತಾಯಿ ಮುಂದುವರಿಸಿದ ಕೆಲಸ

ಇಬ್ಬರು ಗಂಡುಮಕ್ಕಳನ್ನು ಕಳೆದುಕೊಂಡ ಆ ತಾಯಿ ಶಾಲೆಗೆ ಬೀಗ ಹಾಕಲಿಲ್ಲ. ಮತ್ತೆ ತೆರೆದು ನಡೆಸಿದರು. 1932ರಲ್ಲಿ ಅವರು ತೀರಿಕೊಂಡ ಮೇಲೆ ಮಗಳು ಮಾರ್ಗರೆಟ್ ನಡೆಸಿದರು. 1935ರಲ್ಲಿ ಶಾಲೆ ಮುಚ್ಚಿತು. ಆ ಮನೆ ಈಗ ಪಿಯರ್ಸ್ ವಸ್ತುಸಂಗ್ರಹಾಲಯ.

ಭಾಷೆಯ ಗತಿ ಏನಾಯಿತು? 1922ರಲ್ಲಿ ಸ್ವತಂತ್ರ ಐರಿಷ್ ಸರ್ಕಾರ ಬಂದಿತು. ಅದೇ ವರ್ಷದ ಸಂತ ಪ್ಯಾಟ್ರಿಕರ ಹಬ್ಬದಿಂದ ಪ್ರಾಥಮಿಕ ಶಾಲೆಗಳಲ್ಲಿ ದಿನಕ್ಕೆ ಒಂದು ಗಂಟೆಯಾದರೂ ಐರಿಷ್ ಇರಬೇಕೆಂದು ಆಜ್ಞೆಯಾಯಿತು. 1934ರಿಂದ ಶಾಲೆ ಮುಗಿಸುವ ಪರೀಕ್ಷೆಯಲ್ಲಿ ಐರಿಷ್ ಪಾಸಾಗದಿದ್ದರೆ ಪ್ರಮಾಣಪತ್ರವಿಲ್ಲ ಎಂಬ ನಿಯಮ ಬಂದು, 1973ರವರೆಗೆ ಇತ್ತು. ಪಿಯರ್ಸ್ ಯಾವ ಪರೀಕ್ಷಾ ಯಂತ್ರವನ್ನು ಖಂಡಿಸಿದ್ದರೋ ಅದೇ ಯಂತ್ರದೊಳಕ್ಕೆ ಅವರ ಪ್ರೀತಿಯ ಭಾಷೆಯನ್ನು ಹಾಕಿದಂತಾಯಿತು. ಎಷ್ಟೋ ಮಕ್ಕಳು ಅಂಕಕ್ಕಾಗಿ ಕಲಿತು, ಪರೀಕ್ಷೆ ಮುಗಿದ ದಿನವೇ ಮರೆತರು. 2022ರ ಜನಗಣತಿಯಲ್ಲಿ ತಮಗೆ ಐರಿಷ್ ಬರುತ್ತದೆ ಎಂದವರು ಸುಮಾರು 18.7 ಲಕ್ಷ, ಶಾಲೆಯ ಹೊರಗೆ ದಿನವೂ ಆಡುವವರು ಸುಮಾರು 72,000 ಮಾತ್ರ. ಈ ಎರಡು ಅಂಕೆಗಳ ನಡುವಿನ ಅಂತರವನ್ನು ಒಂದು ಕ್ಷಣ ಯೋಚಿಸಿ.

ಆದರೆ ಇನ್ನೊಂದು ಕಥೆಯೂ ಇದೆ. ಬ್ರಿಟನ್ನಿನ ಆಳ್ವಿಕೆಯಲ್ಲೇ ಉಳಿದ ಉತ್ತರ ಐರ್ಲೆಂಡಿನ ಬೆಲ್ಫಾಸ್ಟ್ ನಗರದಲ್ಲಿ, 1960ರ ದಶಕದ ಕೊನೆಯಲ್ಲಿ, ಕೆಲವು ಕುಟುಂಬಗಳು ಮಕ್ಕಳನ್ನು ಐರಿಷಿನಲ್ಲೇ ಬೆಳೆಸಲು ನಿಶ್ಚಯಿಸಿದವು. ತಾವು ದೊಡ್ಡವರಾದ ಮೇಲೆ ಕಲಿತ ಭಾಷೆಯನ್ನೇ ಮನೆಯ ಭಾಷೆಯಾಗಿಸಿಕೊಂಡರು. ಒಟ್ಟಾಗಿ ಜಾಗ ಕೊಂಡು ಮನೆಗಳನ್ನು ಕಟ್ಟಿದರು. 1971ರಲ್ಲಿ ಒಂಬತ್ತು ಮಕ್ಕಳೊಂದಿಗೆ ಶಾಲೆ ತೆರೆದರು. ಸರ್ಕಾರದ ಮಾನ್ಯತೆ, ಸಹಾಯಧನ ಸಿಕ್ಕಿದ್ದು 1984ರಲ್ಲಿ. ಅಲ್ಲಿಯವರೆಗೆ ತಂದೆತಾಯಿಯರೇ ಹಣ ಕೂಡಿಸಿ ನಡೆಸಿದರು. ದಕ್ಷಿಣದಲ್ಲೂ 1970ರ ದಶಕದಿಂದ ಹೀಗೆಯೇ ತಂದೆತಾಯಿಯರ ಒತ್ತಾಯದಿಂದ ಐರಿಷ್ ಮಾಧ್ಯಮದ ಶಾಲೆಗಳು ಹುಟ್ಟಿಕೊಂಡವು. ಒಂದು ಕಾಲದಲ್ಲಿ ಕೋಲಿನ ಮೇಲೆ ಗೀರು ಹಾಕಿದ ತಂದೆತಾಯಿಯರ ಮರಿಮಕ್ಕಳೇ ಈ ಶಾಲೆಗಳನ್ನು ಕೇಳಿ ಪಡೆದವರು.

ಇದರಿಂದ ನಮ್ಮ ಕುಟುಂಬಗಳಿಗೆ ಏನು ಪಾಠ? ಸರ್ಕಾರ ಭಾಷೆಗೆ ಕಾನೂನು ಕೊಡಬಹುದು, ಶಾಲೆ ಅಕ್ಷರ ಕೊಡಬಹುದು. ಭಾಷೆಗೆ ಉಸಿರು ಕೊಡುವುದು ಮನೆ. ವಿಶ್ವಾಸದ ವಿಷಯವೂ ಹೀಗೆಯೇ ಅಲ್ಲವೇ? ಭಾನುವಾರದ ಧರ್ಮೋಪದೇಶ ತರಗತಿಯಲ್ಲಿ ಮಗು ಪ್ರಾರ್ಥನೆಗಳನ್ನು ಬಾಯಿಪಾಠ ಮಾಡಿ ಬಹುಮಾನ ಗೆಲ್ಲಬಹುದು. ಮನೆಯಲ್ಲಿ ಯಾರೂ ಮೊಣಕಾಲೂರದಿದ್ದರೆ ಆ ಪ್ರಾರ್ಥನೆ ಎಷ್ಟು ದಿನ ಉಳಿದೀತು? ಪಂಚಾಶತ್ತಮ ಹಬ್ಬದಂದು ಪವಿತ್ರಾತ್ಮರು ಎಲ್ಲರಿಗೂ ಒಂದೇ ಭಾಷೆಯನ್ನು ಹೇರಲಿಲ್ಲ. ಪ್ರತಿಯೊಬ್ಬರಿಗೂ ಅವರವರ ಹುಟ್ಟುಭಾಷೆಯಲ್ಲೇ ದೇವರ ಮಹತ್ಕಾರ್ಯಗಳು ಕೇಳಿಸಿದವು.

ನಿಮ್ಮ ಮನೆಯ ಮಾತು ಯಾವುದೇ ಇರಲಿ, ಪ್ರಿಯ ತಂದೆತಾಯಿಯರೇ, ಮಕ್ಕಳಿಗೆ ಇಂಗ್ಲಿಷ್ ಕಲಿಸಿ, ಅದು ಬೇಕು. ಅದರೊಂದಿಗೆ ಇಂದು ರಾತ್ರಿ ಊಟವಾದ ಮೇಲೆ ನಿಮ್ಮ ಅಜ್ಜಿ ನಿಮಗೆ ಹೇಳಿದ ಒಂದು ಕಥೆಯನ್ನು, ಅವರು ಹೇಳಿದ ಮಾತಿನಲ್ಲೇ ಮಕ್ಕಳಿಗೆ ಹೇಳಿ. ಮಲಗುವ ಮುನ್ನ ಪರಲೋಕ ಮಂತ್ರವನ್ನು ಅದೇ ಮಾತಿನಲ್ಲಿ ಒಟ್ಟಿಗೆ ಹೇಳಿ. ಇದಕ್ಕೆ ಸರ್ಕಾರದ ಆಜ್ಞೆ ಬೇಡ, ಶಾಲೆಯ ಶುಲ್ಕ ಬೇಡ. ನೀವು ಕುಳಿತು ಬಾಯಿ ತೆರೆದರೆ ಸಾಕು.